ಫೆಸ್‌ನ ಹಳೇ ಪೇಟೆ: ಇಳಿಯುತ್ತ ನೋಡಿ, ಏರಲು ಹೋಗಬೇಡಿ

ಪ್ರಶ್ನೆ: ಅಕ್ಟೋಬರ್‌ನಲ್ಲಿ ಮೊರಾಕ್ಕೊದ ಫೆಸ್ ನಗರಕ್ಕೆ ಮೊದಲ ಸಲ ಹೋಗುತ್ತಿದ್ದೇವೆ. ನಾನು, ನನ್ನ ಹೆಂಡತಿ, ಕಾಲೇಜು ಓದುವ ಮಗಳು ಮತ್ತು 68 ವರ್ಷದ ನನ್ನ ತಾಯಿ. ಗುರುವಾರ ಸಂಜೆ ತಲುಪಿ ಭಾನುವಾರ ಮಧ್ಯಾಹ್ನ ಹೊರಡುತ್ತೇವೆ. ಹಳೇ ಪೇಟೆಯ ಗಲ್ಲಿಗಳಲ್ಲಿ ದಾರಿ ತಪ್ಪದವರೇ ಇಲ್ಲ ಅನ್ನುತ್ತಾರೆ. ಅಮ್ಮನಿಗೆ ಮೊಣಕಾಲು ನೋವು, ನಾವೆಲ್ಲ ಸಸ್ಯಾಹಾರಿಗಳು. ಎಲ್ಲಿ ಉಳಿಯಬೇಕು, ಹೇಗೆ ಸುತ್ತಬೇಕು, ಯಾವುದರಲ್ಲಿ ಎಚ್ಚರ ಬೇಕು?

ಉತ್ತರ: ನಿಮ್ಮ ತಾಯಿಯವರ ಮೊಣಕಾಲು ಮತ್ತು ದಾರಿ ತಪ್ಪುವ ಭಯ, ಎರಡಕ್ಕೂ ಮದ್ದು ಒಂದೇ. ಫೆಸ್‌ನ ಹಳೇ ಪೇಟೆ, ಅಂದರೆ ಫೆಸ್ ಎಲ್ ಬಾಲಿ, ಒಂದು ಬಟ್ಟಲಿನಂತಿದೆ. ಬಟ್ಟಲಿನ ತಳದಲ್ಲಿ ಹೊಳೆ ಹರಿಯುತ್ತದೆ. ಈಗ ಅದರ ಬಹುಪಾಲು ಮುಚ್ಚಿಹೋಗಿದೆ. ದೊರೆ ಮೊದಲನೆಯ ಇದ್ರಿಸ್ 789ರಲ್ಲಿ ಹೊಳೆಯ ಒಂದು ದಡದಲ್ಲಿ ಊರು ಕಟ್ಟಿಸಿದ, ಮಗ ಎರಡನೆಯ ಇದ್ರಿಸ್ 809ರಲ್ಲಿ ಎದುರು ದಡದಲ್ಲಿ ಇನ್ನೊಂದು ಕಟ್ಟಿಸಿದ. ಎರಡೂ ಬೆಳೆದು ಕೂಡಿಕೊಂಡದ್ದೇ ಇವತ್ತಿನ ಪೇಟೆ. ಹಾಗಾಗಿ ದೊಡ್ಡ ಬೀದಿಗಳೆಲ್ಲ ಅಂಚಿನ ಬಾಗಿಲುಗಳಿಂದ ತಳದ ಕಡೆಗೆ ಇಳಿಯುತ್ತವೆ. ಇದೊಂದನ್ನು ನೆನಪಿಟ್ಟರೆ ಸಾಕು: ಪಶ್ಚಿಮದ ಬಾಗಿಲಿನಲ್ಲಿ ಟ್ಯಾಕ್ಸಿ ಇಳಿಯಿರಿ, ಪೇಟೆಯೊಳಗೆ ಇಳಿಯುತ್ತ ಹೋಗಿ, ತಳದಲ್ಲಿರುವ ರಸೀಫ್ ಚೌಕದಲ್ಲಿ ಮತ್ತೆ ಟ್ಯಾಕ್ಸಿ ಹತ್ತಿ. ಅದೇ ಬೀದಿ ಏರಿ ವಾಪಸು ಬರುವ ಸಾಹಸ ಬೇಡವೇ ಬೇಡ. ಮೊದಲ ಸಲ ಹೋದವರು ಇಳಿಯುವಾಗ ಖುಷಿಯಾಗಿ ಇಳಿದುಬಿಡುತ್ತಾರೆ, ಮಧ್ಯಾಹ್ನದ ಬಿಸಿಲಲ್ಲಿ ಅದೇ ಬೀದಿ ಏರುವಾಗ ಸುಸ್ತಾಗುತ್ತಾರೆ.

ಮೊಬೈಲ್ ನಕ್ಷೆಯನ್ನು ಪೂರ್ತಿ ನಂಬಬೇಡಿ. ಗಲ್ಲಿಗಳು ಕೆಲವು ಕಡೆ ಕೈಚಾಚಿದರೆ ಎರಡೂ ಗೋಡೆ ಸಿಗುವಷ್ಟು ಕಿರಿದು, ಗೋಡೆಗಳು ಎರಡು ಮೂರು ಅಂತಸ್ತಿನ ಎತ್ತರ, ಮೇಲೆ ಅಲ್ಲಲ್ಲಿ ಜೊಂಡಿನ ಚಪ್ಪರ. ಉಪಗ್ರಹದ ಸಂಕೇತ ಗೋಡೆಗೆ ಬಡಿದು ಬರುವುದರಿಂದ ನೀಲಿ ಚುಕ್ಕೆ ಪಕ್ಕದ ಗಲ್ಲಿಗೆ ಹಾರುತ್ತದೆ. ಆ ಪಕ್ಕದ ಗಲ್ಲಿಗೆ ನಿಮ್ಮ ಗಲ್ಲಿಯಿಂದ ದಾರಿಯೇ ಇರುವುದಿಲ್ಲ. ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ದಿಕ್ಕಿಗಷ್ಟೇ ಬಳಸಿ. ಅದಕ್ಕಿಂತ ಕೆಲಸಕ್ಕೆ ಬರುವುದು ಹೆಸರುಗಳ ಪರಿಚಯ. ತಲಾ ಅಂದರೆ ಏರುಬೀದಿ, ಬಾಬ್ ಅಂದರೆ ಕೋಟೆ ಬಾಗಿಲು, ದರ್ಬ್ ಅಂದರೆ ಮನೆಗಳಿರುವ ಒಳಗಲ್ಲಿ. ದರ್ಬ್‌ಗಳಲ್ಲಿ ಬಹಳಷ್ಟು ಮುಂದೆ ಹೋಗಿ ಮುಚ್ಚಿಕೊಳ್ಳುತ್ತವೆ. ಜನಸಂದಣಿ ಕಡಿಮೆಯಾಗಿ, ಅಂಗಡಿಗಳು ನಿಂತು, ಬರೀ ಮನೆ ಬಾಗಿಲುಗಳೇ ಕಾಣತೊಡಗಿದರೆ ನೀವು ದರ್ಬ್ ಹೊಕ್ಕಿದ್ದೀರಿ ಎಂದು ತಿಳಿದು ತಿರುಗಿ. ಅಂಗಡಿ ಸಾಲು ಸಿಗುವವರೆಗೆ ಬಂದು, ಅಲ್ಲಿಂದ ಇಳಿಜಾರು ಹಿಡಿದರೆ ರಸೀಫ್ ಅಥವಾ ಕರಾವಿಯ್ಯೀನ್ ಮಸೀದಿಯ ಹತ್ತಿರ ಬಂದೇ ಬರುತ್ತೀರಿ.

ಉಳಿಯುವ ಮನೆಯನ್ನೂ ಇದೇ ಲೆಕ್ಕದಲ್ಲಿ ಆರಿಸಿ. ಇಲ್ಲಿನ ರಿಯಾದ್ ನಮ್ಮ ತೊಟ್ಟಿ ಮನೆಯ ನೆಂಟ: ನಡುವೆ ಬಯಲು ಅಂಗಳ, ಸುತ್ತ ಕೋಣೆಗಳು, ಬೀದಿಗೆ ಕಿಟಕಿಯೇ ಇಲ್ಲದ ಗೋಡೆ. ನೋಡಲು ಸೊಗಸು, ಆದರೆ ಮೆಟ್ಟಿಲುಗಳು ಎತ್ತರ, ಕಿರಿದು, ಜಾರುವ ಹೆಂಚಿನವು. ಲಿಫ್ಟ್ ಸಿಗುವುದು ಅಪರೂಪ. ಬುಕ್ ಮಾಡುವ ಮೊದಲು ಮೂರು ಮಾತು ಬರೆದು ಕೇಳಿ. ಕಾರು ನಿಲ್ಲುವ ಜಾಗದಿಂದ ಬಾಗಿಲಿಗೆ ಎಷ್ಟು ನಿಮಿಷದ ನಡಿಗೆ? ಆ ದಾರಿಯಲ್ಲಿ ಮೆಟ್ಟಿಲುಗಳಿವೆಯೇ? ಅಂಗಳದ ಮಟ್ಟದಲ್ಲೇ ಬಚ್ಚಲು ಸಮೇತ ಒಂದು ಕೋಣೆ ಕೊಡುತ್ತೀರಾ? ಪೇಟೆಯೊಳಗೆ ಕಾರು ಹೋಗುವುದಿಲ್ಲ, ಆದ್ದರಿಂದ "ಪೇಟೆಯ ಹೃದಯಭಾಗದಲ್ಲಿದೆ" ಎಂಬ ವರ್ಣನೆ ನಿಮಗೆ ಅನುಕೂಲವಲ್ಲ. ಬತ್ಹಾ, ಐನ್ ಅಜ್ಲಿತೆನ್, ರಸೀಫ್ – ಈ ಮೂರರ ಹತ್ತಿರ, ಐದು ನಿಮಿಷದ ನಡಿಗೆಯೊಳಗಿನದನ್ನು ಹುಡುಕಿ. ಮೂರೂ ಕಡೆ ವಾಹನ ಬರುತ್ತದೆ. ಅಂಗಳದ ಕೋಣೆಗೆ ಒಂದು ಕೊರತೆಯಿದೆ: ರಾತ್ರಿ ಊಟಕ್ಕೆ ಕೂತವರ ಮಾತು ನೇರ ಒಳಗೆ ಕೇಳುತ್ತದೆ. ಬೇಗ ಮಲಗುವ ತಾಯಿಯವರಿಗಾಗಿ ಊಟದ ಮೇಜಿನಿಂದ ದೂರದ ಕೋಣೆ ಕೇಳಿ.

ನೀವು ಸಂಜೆ ತಲುಪುವುದರಿಂದ ಇದನ್ನು ಮರೆಯಬೇಡಿ: ರಿಯಾದ್‌ನವರಿಗೆ ರೈಲು ಅಥವಾ ವಿಮಾನದ ಹೊತ್ತು ತಿಳಿಸಿ, ಬಾಗಿಲಿನ ಬಳಿ ಆಳು ಕಳಿಸಲು ಹೇಳಿ. ಸೂಟ್‌ಕೇಸ್ ಎಳೆಯುತ್ತ ಕತ್ತಲಲ್ಲಿ ಮನೆ ಹುಡುಕುವ ಕುಟುಂಬವೇ "ಬನ್ನಿ ತೋರಿಸುತ್ತೇನೆ" ಅನ್ನುವ ಹುಡುಗರ ಕಣ್ಣಿಗೆ ಬೀಳುವುದು. ಸಾಮಾನು ಸಾಗಿಸಲು ಕೈಗಾಡಿಯವರಿದ್ದಾರೆ. 20–30 ದಿರ್ಹಾಮ್ (ಮೊರಾಕ್ಕೊದ ಹಣ) ಸಾಕು, ಸಾಮಾನು ಹೇರುವ ಮೊದಲೇ ಮಾತಾಡಿಕೊಳ್ಳಿ.

ಊರೊಳಗೆ ಓಡಾಡಲು ಕೆಂಪು ಬಣ್ಣದ ಸಣ್ಣ ಟ್ಯಾಕ್ಸಿಗಳಿವೆ. ಅದರಲ್ಲಿ ಕಾನೂನಿನ ಪ್ರಕಾರ ಮೂವರಿಗಷ್ಟೇ ಜಾಗ. ನೀವು ನಾಲ್ವರು, ಹಾಗಾಗಿ ಪ್ರತಿ ಸಲ ಎರಡು ಟ್ಯಾಕ್ಸಿ ಬೇಕು. "ಹೇಗೋ ಕೂತುಕೊಳ್ಳುತ್ತೇವೆ" ಅಂದರೆ ಚಾಲಕ ಒಪ್ಪುವುದಿಲ್ಲ, ದಂಡ ಬೀಳುವುದು ಅವನಿಗೆ. ಮೊದಲ ಟ್ಯಾಕ್ಸಿ ಹೊರಡುವ ಮುನ್ನವೇ ಎರಡೂ ಟ್ಯಾಕ್ಸಿಯಲ್ಲಿರುವವರಿಗೆ ಇಳಿಯುವ ಜಾಗದ ಹೆಸರು ಗೊತ್ತಿರಲಿ. ಮೀಟರಿಗೆ ಇಲ್ಲಿ ಕೊಂತೋರ್ ಅನ್ನುತ್ತಾರೆ. ಹತ್ತುತ್ತಲೇ "ಕೊಂತೋರ್, ಅಫಾಕ್" ಅನ್ನಿ, ಅಂದರೆ ದಯವಿಟ್ಟು ಮೀಟರ್ ಹಾಕಿ. ಹಗಲಲ್ಲಿ ಹೊಸ ಊರಿನ ರೈಲು ನಿಲ್ದಾಣದಿಂದ ಹಳೇ ಪೇಟೆಯ ಪಶ್ಚಿಮದ ಬಾಗಿಲಾದ ಬಾಬ್ ಬೂ ಜಲೂದ್‌ವರೆಗೆ 10–20 ದಿರ್ಹಾಮ್ ಆಗಬಹುದು. ರಾತ್ರಿ ಅರ್ಧದಷ್ಟು ಹೆಚ್ಚು, ಅದು ನ್ಯಾಯವಾದ ದರವೇ. ವಿಮಾನ ನಿಲ್ದಾಣದಿಂದ ಬರುವಾಗ ದೊಡ್ಡ ಟ್ಯಾಕ್ಸಿ ಹಿಡಿಯಿರಿ. ಅದರಲ್ಲಿ ನಾಲ್ವರೂ ಸಾಮಾನಿನೊಡನೆ ಕೂರಬಹುದು. ಕಾಸಾಬ್ಲಾಂಕಾದಲ್ಲಿ ಇಳಿಯುವುದಾದರೆ ವಿಮಾನ ನಿಲ್ದಾಣದಿಂದಲೇ ರೈಲು ಇದೆ. ಕಾಸಾ ವೊಯಾಜರ್ ನಿಲ್ದಾಣದಲ್ಲಿ ಬದಲಿಸಿದರೆ ಅಲ್ಲಿಂದ ಫೆಸ್‌ಗೆ ಸುಮಾರು ನಾಲ್ಕು ಗಂಟೆ. ಅಲ್ ಬೊರಾಕ್ ಎಂಬ ವೇಗದ ರೈಲು ಫೆಸ್‌ಗೆ ಬರುವುದಿಲ್ಲ, ಅದು ತಾಂಜಿಯರ್ ಕಡೆ ಹೋಗುತ್ತದೆ.

ಶುಕ್ರವಾರದ ಯೋಜನೆಯಲ್ಲೇ ಬಹಳ ಜನ ಎಡವುತ್ತಾರೆ. ಅವತ್ತು ಮಧ್ಯಾಹ್ನದ ನಮಾಜಿಗೆ ಪೇಟೆ ಮುಚ್ಚುತ್ತದೆ, ಎಷ್ಟೋ ಅಂಗಡಿಗಳು ಬೆಳಗ್ಗೆಯೂ ತೆರೆಯುವುದಿಲ್ಲ, ಚರ್ಮ ಹದಮಾಡುವ ತೊಟ್ಟಿಗಳಲ್ಲಿ ಕೆಲಸ ಮಂದ. ನಿಮ್ಮ ಮೊದಲ ಪೂರ್ತಿ ದಿನ ಶುಕ್ರವಾರ. ಅದನ್ನು ಸಮತಟ್ಟು ಜಾಗಗಳಿಗೆ ಮೀಸಲಿಡಿ. ಬೆಳಗ್ಗೆ ಟ್ಯಾಕ್ಸಿಯಲ್ಲಿ ಅರಮನೆಯ ಹಿತ್ತಾಳೆ ಬಾಗಿಲುಗಳ ಮುಂದೆ ಇಳಿಯಿರಿ. ಒಳಗೆ ಪ್ರವೇಶವಿಲ್ಲ, ಆದರೆ ಬಾಗಿಲುಗಳ ಕೆತ್ತನೆ ಹತ್ತಿರದಿಂದ ನೋಡಬಹುದು. ಪಕ್ಕದಲ್ಲೇ ಮೆಲ್ಲಾ, 1438ರಲ್ಲಿ ನೆಲೆಗೊಂಡ ಯಹೂದಿ ಕೇರಿ. ಅಲ್ಲಿನ ಮನೆಗಳಿಗೆ ಬೀದಿ ಕಡೆಗೆ ಮರದ ಬಾಲ್ಕನಿಗಳಿವೆ. ಮರುದಿನ ಹಳೇ ಪೇಟೆಯ ಕುರುಡು ಗೋಡೆಗಳನ್ನು ನೋಡಿದಾಗ ಆ ವ್ಯತ್ಯಾಸ ನಿಮಗೇ ಕಾಣುತ್ತದೆ. ಅಲ್ಲಿಂದ 1276ರಲ್ಲಿ ಕಟ್ಟಿದ ಫೆಸ್ ಎಲ್ ಜದೀದ್ ಎಂಬ ಬಡಾವಣೆ ದಾಟಿ ಜನಾನ್ ಸಬೀಲ್ ತೋಟಕ್ಕೆ ಬನ್ನಿ. ಬಿದಿರು, ನೀರ ಕಾಲುವೆ, ಕೂರಲು ಬೆಂಚುಗಳು. ತಾಯಿಯವರಿಗೆ ಈ ಊರಿನಲ್ಲಿ ಇದಕ್ಕಿಂತ ಹಿತವಾದ ಜಾಗ ಸಿಗಲಾರದು. ಸಂಜೆ ಸೂರ್ಯ ಮುಳುಗುವ ಒಂದು ಗಂಟೆ ಮುಂಚೆ ಟ್ಯಾಕ್ಸಿಯಲ್ಲಿ ಮರೀನಿದ್ ರಾಜಮನೆತನದ ಸಮಾಧಿಗಳ ಗುಡ್ಡಕ್ಕೆ ಹೋಗಿ. ಇಡೀ ಬಟ್ಟಲು ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ಹಸಿರು ಹೆಂಚಿನ ದೊಡ್ಡ ಚಾವಣಿಯನ್ನು ಗುರುತಿಸಿ, ಅದೇ ಕರಾವಿಯ್ಯೀನ್. ಮರುದಿನ ನೀವು ಇಳಿಯುವುದು ಅಲ್ಲಿಗೇ. ಕತ್ತಲಾದ ಮೇಲೆ ಗುಡ್ಡದಲ್ಲಿ ನಿಲ್ಲಬೇಡಿ, ಟ್ಯಾಕ್ಸಿಯನ್ನು ಕಾಯಲು ಹೇಳಿಯೇ ಹತ್ತಿ.

ಶನಿವಾರ ಪೇಟೆಗೆ. ಒಂಬತ್ತೂವರೆಗೆ ಬಾಬ್ ಬೂ ಜಲೂದ್‌ನಲ್ಲಿರಿ. 1913ರಲ್ಲಿ ಕಟ್ಟಿದ ಬಾಗಿಲು ಇದು, ಹೊರಗಿನಿಂದ ನೀಲಿ ಹೆಂಚು, ಒಳಗಿನಿಂದ ಹಸಿರು. ದಾಟಿದ ಕೂಡಲೇ ಎರಡು ಬೀದಿ: ಎಡಕ್ಕೆ ತಲಾ ಕಬೀರಾ, ಬಲಕ್ಕೆ ತಲಾ ಸ್ಗೀರಾ, ಅಂದರೆ ದೊಡ್ಡ ಏರು ಮತ್ತು ಸಣ್ಣ ಏರು. ದೊಡ್ಡದನ್ನೇ ಹಿಡಿಯಿರಿ. ಕರಾವಿಯ್ಯೀನ್‌ವರೆಗೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ನೋಡುತ್ತ ಕೂರುತ್ತ ಹೋದರೆ ಮೂರು ಗಂಟೆ ಬೇಕು. ತಾಯಿಯವರಿಗೆ ಕೈಗೋಲು, ಅಡಿಭಾಗ ಜಾರದ ಶೂ ಇರಲಿ. ಇಳಿಯುವಾಗಲೂ ಮೊಣಕಾಲಿಗೆ ಭಾರ ಬೀಳುತ್ತದೆ, ಕಲ್ಲು ಹಾಸು ಎಷ್ಟೋ ಕಡೆ ಒದ್ದೆಯಾಗಿರುತ್ತದೆ. ಬೆನ್ನ ಹಿಂದೆ "ಬಾಲಕ್! ಬಾಲಕ್!" ಎಂದು ಕೂಗಿದರೆ ತಿರುಗಿ ನೋಡುತ್ತ ನಿಲ್ಲದೆ ಮೊದಲು ಗೋಡೆಗೆ ಒತ್ತಿಕೊಳ್ಳಿ. ಅದು "ಜಾಗ ಬಿಡಿ" ಎಂಬ ಎಚ್ಚರಿಕೆ. ಹಸಿ ಚರ್ಮವನ್ನೋ ಗ್ಯಾಸ್ ಸಿಲಿಂಡರನ್ನೋ ಹೊತ್ತ ಹೇಸರಗತ್ತೆ ಇಳಿಜಾರಿನಲ್ಲಿ ಬರುತ್ತಿರುತ್ತದೆ, ಅದಕ್ಕೆ ತಟ್ಟನೆ ನಿಲ್ಲಲು ಆಗುವುದಿಲ್ಲ. ಅದರ ಅಗಲ ಅದರ ಮೈಯಷ್ಟಲ್ಲ, ಹೇರಿನಷ್ಟು.

ಬೀದಿಯ ಮೇಲ್ಭಾಗದಲ್ಲೇ ಬೂ ಇನಾನಿಯಾ ಮದರಸಾ ಸಿಗುತ್ತದೆ, 1350ರ ದಶಕದ್ದು. ಇಲ್ಲಿನ ಮಸೀದಿಗಳೊಳಗೆ ಮುಸ್ಲಿಮರಲ್ಲದವರಿಗೆ ಪ್ರವೇಶವಿಲ್ಲ. ಕರಾವಿಯ್ಯೀನ್ ಕೂಡ ಬಾಗಿಲಿನಿಂದ ನೋಡಿ ತೃಪ್ತಿಪಡಬೇಕಾದದ್ದೇ. ಹಾಗಾಗಿ ಈ ಮದರಸಾ ಮತ್ತು ಕೆಳಗಿನ ಅತ್ತಾರೀನ್ ಮದರಸಾ ಎರಡನ್ನೂ ತಪ್ಪಿಸಬೇಡಿ. ಟಿಕೆಟ್ ತಲಾ 20 ದಿರ್ಹಾಮ್ ಆಸುಪಾಸು. ಅಂಗಳದಲ್ಲಿ ನಿಂತು ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಓದಿ. ಕೆಳಭಾಗದಲ್ಲಿ ಝೆಲ್ಲೀಜ್, ಅಂದರೆ ಬಣ್ಣದ ಹೆಂಚನ್ನು ಉಳಿಯಿಂದ ಕತ್ತರಿಸಿ ಜೋಡಿಸಿದ ಚೂರುಗಳು. ಅದರ ಮೇಲೆ ಕೊರೆದ ಗಾರೆ. ತೀರಾ ಮೇಲೆ ಸೆಡಾರ್ ಮರದ ಕೆತ್ತನೆ. ನೀರು ಚಿಮ್ಮುವ, ಕೈ ತಾಗುವ ಕಡೆ ಗಟ್ಟಿ ಹೆಂಚು, ತಾಗದ ಕಡೆ ಮೆತ್ತನೆ ಗಾರೆ, ಮಳೆಗೆ ಮುಂಚಾಚಿದ ಮರ. ಅಂದದ ಹಿಂದೆ ಇಷ್ಟು ನೇರವಾದ ಲೆಕ್ಕವಿದೆ.

ಕೆಳಗಿಳಿದಂತೆ ಬೀದಿಗಳ ಹೆಸರೇ ಕಸುಬು ಹೇಳುತ್ತವೆ. ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆ ಬಲ್ಲವರಿಗೆ ಇದು ಹೊಸದಲ್ಲ. ಅತ್ತಾರೀನ್ ಸುಗಂಧ ಮತ್ತು ಮಸಾಲೆಯವರ ಬೀದಿ. ನಮ್ಮ ಅತ್ತರು ಅದೇ ಪದ. ನಜ್ಜಾರೀನ್ ಬಡಗಿಗಳದು, ಅಲ್ಲಿನ ಹಳೆಯ ವರ್ತಕರ ಛತ್ರ ಈಗ ಮರಗೆಲಸದ ಮ್ಯೂಸಿಯಂ. ಮೌಲಾಯ್ ಇದ್ರಿಸ್, ಅಂದರೆ ಎರಡನೆಯ ಇದ್ರಿಸ್‌ನ ದರ್ಗಾದ ಸುತ್ತಲಿನ ಗಲ್ಲಿಗಳಲ್ಲಿ ಎದೆಮಟ್ಟದಲ್ಲಿ ಅಡ್ಡಮರ ಕಾಣುತ್ತದೆ. ಹೇಸರಗತ್ತೆಗಳು ಅದರಿಂದಾಚೆ ಹೋಗಬಾರದು ಎಂಬ ಗುರುತು. ನೀವು ಬಗ್ಗಿ ದಾಟಬಹುದು, ದರ್ಗಾದ ಒಳಗೆ ಮಾತ್ರ ಹೋಗುವಂತಿಲ್ಲ. ಸಫ್ಫಾರೀನ್ ಚೌಕಕ್ಕೆ ಬರುವ ಮೊದಲೇ ಸುತ್ತಿಗೆ ಸದ್ದು ಕೇಳಿಸುತ್ತದೆ. ತಾಮ್ರದ ಪಾತ್ರೆ ಕೊಳ್ಳುವ ಆಸೆಯಿದ್ದರೆ ಒಳಗೆ ಬೆರಳಾಡಿಸಿ ನೋಡಿ. ಅಡುಗೆಗೆ ಬೇಕಾದರೆ ಒಳಮೈ ಪೂರ್ತಿ ಕಲಾಯಿ ಆಗಿರಬೇಕು. ಹೊಳೆಯುವ ಕೆಂಪು ಒಳಮೈ ಇದ್ದರೆ ಅದು ಅಲಂಕಾರಕ್ಕೆ. ಹುಳಿ ಪದಾರ್ಥ ಇಟ್ಟರೆ ಕಿಲುಬು ಬರುತ್ತದೆ, ನಿಮ್ಮ ತಾಯಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆ ಚೌಕದಲ್ಲಿ ಚಹಾದಂಗಡಿಯ ಕುರ್ಚಿ ಹಾಕಿಸಿಕೊಂಡು ಅರ್ಧ ಗಂಟೆ ಕೂರಿ. ಪುದೀನ ಚಹಾಕ್ಕೆ ಸಕ್ಕರೆ ವಿಪರೀತ, "ಶ್ವಿಯಾ ಸುಕ್ಕರ್" ಅಂದರೆ ಕಡಿಮೆ ಹಾಕುತ್ತಾರೆ.

ಶವಾರಾ ಚರ್ಮದ ತೊಟ್ಟಿಗಳು ಇಲ್ಲಿಂದ ಐದಾರು ನಿಮಿಷ. ನೆಲದಲ್ಲಿ ಹೂತ ಜೇನುಗೂಡಿನಂತಹ ಕುಣಿಗಳು. ಬಿಳಿ ಕುಣಿಗಳಲ್ಲಿ ಸುಣ್ಣ ಮತ್ತು ಪಾರಿವಾಳದ ಹಿಕ್ಕೆ: ಸುಣ್ಣ ಕೂದಲು, ಕೊಬ್ಬು ಬಿಡಿಸುತ್ತದೆ, ಹಿಕ್ಕೆ ಚರ್ಮವನ್ನು ಮೆದುಮಾಡುತ್ತದೆ. ಆಮೇಲೆ ಕಂದು, ಹಳದಿ, ಕೆಂಪು ಬಣ್ಣದ ಕುಣಿಗಳು, ಅವುಗಳಲ್ಲಿ ಸೊಂಟದವರೆಗೆ ಇಳಿದು ತುಳಿಯುವ ಕೆಲಸಗಾರರು. ಅವರ ದುಡಿಮೆ ಎಷ್ಟು ಕಷ್ಟದ್ದು ಎಂಬುದು ಮೇಲಿನಿಂದಲೂ ತಿಳಿಯುತ್ತದೆ. ಮುಖಕ್ಕೆ ಜೂಮ್ ಮಾಡಿ ಫೋಟೊ ತೆಗೆಯಬೇಡಿ. ನೋಡಲು ಸುತ್ತಲಿನ ಚರ್ಮದಂಗಡಿಗಳ ತಾರಸಿಗೆ ಹತ್ತಬೇಕು, ಎರಡು ಮೂರು ಅಂತಸ್ತಿನ ಮೆಟ್ಟಿಲು. ತಾಯಿಯವರು ಮತ್ತು ಇನ್ನೊಬ್ಬರು ಸಫ್ಫಾರೀನ್‌ನಲ್ಲೇ ಕೂತಿರುವುದು ಒಳ್ಳೆಯದು. ಬಾಗಿಲಲ್ಲಿ ಕೊಡುವ ಪುದೀನ ಮೂಗಿಗೆ ಹಿಡಿಯಲು. ಏನೂ ಕೊಳ್ಳದಿದ್ದರೆ ಇಳಿಯುವಾಗ 10–20 ದಿರ್ಹಾಮ್ ಕೊಟ್ಟರೆ ಸಾಕು. ಚರ್ಮಕ್ಕೆ ಲೈಟರ್ ಹಿಡಿದು "ಸುಡಲ್ಲ ನೋಡಿ" ಅನ್ನುವುದು ಪುರಾವೆಯಲ್ಲ. ಕತ್ತರಿಸಿದ ಅಂಚನ್ನು ನೋಡಿ: ನಾರು ನಾರಾಗಿದ್ದರೆ ಚರ್ಮ, ಬಟ್ಟೆಯ ಪದರ ಕಂಡರೆ ಅಲ್ಲ. ಒದ್ದೆ ಬಿಳಿ ಕರವಸ್ತ್ರದಿಂದ ಉಜ್ಜಿ; ಬಣ್ಣ ಹತ್ತಿದರೆ ನಿಮ್ಮ ಬಟ್ಟೆಗೂ ಹತ್ತುತ್ತದೆ. ಗಾಢವಾದ ವಾಸನೆಯ ವಸ್ತು ಬೇಡ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಆ ವಾಸನೆ ಮತ್ತೆ ಏಳುತ್ತದೆ, ಬೂಸ್ಟೂ ಹಿಡಿಯುತ್ತದೆ. "ಕಳ್ಳಿ ರೇಷ್ಮೆ" ಎಂದು ಮಾರುವ ಮಿರುಗುವ ಬಟ್ಟೆ ಸಾಮಾನ್ಯವಾಗಿ ರೇಯಾನ್. ಬಣ್ಣ ಇಷ್ಟವಾದರೆ ರೇಯಾನಿನ ಬೆಲೆಗೇ ಕೊಳ್ಳಿ.

ಮೋಸದ ವಿಷಯ. ಮೈಮೇಲೆ ಬೀಳುವ ಅಪಾಯ ಹಗಲಿನ ಪೇಟೆಯಲ್ಲಿ ಕಡಿಮೆ; ನಿಮ್ಮನ್ನು ದಾರಿ ತಪ್ಪಿಸಿ ಅಂಗಡಿಗೆ ಕರೆದೊಯ್ಯುವ ಆಟವೇ ಹೆಚ್ಚು. "ಈ ರಸ್ತೆ ಮುಚ್ಚಿದೆ", "ಅಲ್ಲೇನೂ ಇಲ್ಲ, ಮಸೀದಿ ಮಾತ್ರ", "ಇವತ್ತೊಂದೇ ದಿನ ಬರ್ಬರ್ ಬುಡಕಟ್ಟಿನವರ ಸಂತೆ", "ನಾನು ನಿಮ್ಮ ರಿಯಾದ್‌ನಲ್ಲೇ ಕೆಲಸ ಮಾಡುವುದು" – ಈ ನಾಲ್ಕರಲ್ಲಿ ಯಾವುದನ್ನು ಕೇಳಿದರೂ ನಡಿಗೆ ನಿಲ್ಲಿಸಬೇಡಿ. ಎದೆಯ ಮೇಲೆ ಕೈಯಿಟ್ಟು "ಲಾ, ಶುಕ್ರನ್" ಅನ್ನಿ, ಮುಂದೆ ಹೋಗಿ. ಮತ್ತೆ ಮತ್ತೆ ಬಂದರೆ "ಸಾಫಿ", ಸಾಕು. ಸಿಟ್ಟು ಬೇಡ, ಚರ್ಚೆಯೂ ಬೇಡ. "ಮೊದಲ ಸಲ ಬಂದಿದ್ದೀರಾ?" ಎಂಬ ಪ್ರಶ್ನೆಗೆ ಹೌದು ಅನ್ನಬೇಡಿ. ದಾರಿ ಕೇಳಬೇಕಾದರೆ ತಾನಾಗಿ ಬಂದವನನ್ನಲ್ಲ, ಅಂಗಡಿಯೊಳಗೆ ಕೂತವರನ್ನು ಕೇಳಿ: "ಫೀನ್ ರಸೀಫ್?" ಅವರು ಅಂಗಡಿ ಬಿಟ್ಟು ನಿಮ್ಮ ಹಿಂದೆ ಬರುವುದಿಲ್ಲ, ಕೈ ತೋರಿಸಿ ಕಳಿಸುತ್ತಾರೆ. ಹುಡುಗನೊಬ್ಬ ನಿಜವಾಗಿ ತಲುಪಿಸಿದರೆ 10 ದಿರ್ಹಾಮ್ ಕೊಡಿ, ಹೆಚ್ಚು ಕೇಳಿದರೆ ಜನರಿರುವ ಕಡೆ ನಿಂತು ಮಾತಾಡಿ.

ನಿಮ್ಮ ಕುಟುಂಬಕ್ಕೆ ಶನಿವಾರ ಅರ್ಧ ದಿನ ಗೈಡ್ ಇಟ್ಟುಕೊಳ್ಳುವುದು ದುಂದಲ್ಲ. ಸರ್ಕಾರಿ ಪರವಾನಗಿ ಇರುವವರ ಕೊರಳಲ್ಲಿ ಗುರುತಿನ ಚೀಟಿ ಇರುತ್ತದೆ. ರಿಯಾದ್ ಮೂಲಕ ಹಿಂದಿನ ದಿನವೇ ಗೊತ್ತುಮಾಡಿ. ಅರ್ಧ ದಿನಕ್ಕೆ 300–400 ದಿರ್ಹಾಮ್ ಹೇಳಬಹುದು. ಹೊರಡುವ ಮುನ್ನವೇ ಎರಡು ಷರತ್ತು ಹಾಕಿ: ಇಳಿಯುವ ದಾರಿ ಮಾತ್ರ, ಅಂಗಡಿ ಬೇಡ. ಗೈಡ್ ಕರೆದೊಯ್ದ ಅಂಗಡಿಯಲ್ಲಿ ಅವರ ಕಮಿಷನ್ ನೀವು ಕೊಡುವ ಬೆಲೆಯಲ್ಲೇ ಸೇರಿರುತ್ತದೆ.

ಊಟದ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೆನುವಿನಲ್ಲಿ ತರಕಾರಿ ತಜೀನ್ (ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ ಪದಾರ್ಥ), ತರಕಾರಿ ಕುಸ್ಕುಸ್ (ಹಬೆಯಲ್ಲಿ ಬೇಯಿಸಿದ ರವೆ ಕಾಳು) ಎಂದಿದ್ದರೂ ಎಷ್ಟೋ ಅಡುಗೆಮನೆಗಳಲ್ಲಿ ತರಕಾರಿ ಬೇಯುವುದು ಮಾಂಸದ ಸಾರಿನಲ್ಲೇ, ಬಡಿಸುವಾಗ ತುಂಡು ತೆಗೆದಿರುತ್ತಾರೆ. ಇದು ಮೋಸವಲ್ಲ. ತಟ್ಟೆಯಲ್ಲಿ ಮಾಂಸವಿಲ್ಲ ಅಂದರೆ ಸಸ್ಯಾಹಾರ ಎಂಬುದು ಅಲ್ಲಿನ ತಿಳಿವಳಿಕೆ. "ಮಾ ಕನಾಕುಲ್ಶ್ ಲ್ಹಮ್", ಮಾಂಸ ತಿನ್ನುವುದಿಲ್ಲ ಎಂದು ಹೇಳಿ ನಿಲ್ಲಿಸದೆ "ಬ್ಲಾ ಮರ್ಕಾ ದ್ ಲ್ಹಮ್", ಮಾಂಸದ ಸಾರೂ ಬೇಡ ಎಂದು ಸೇರಿಸಿ. ರಾತ್ರಿ ಊಟ ರಿಯಾದ್‌ನಲ್ಲೇ ಹೇಳಿ, ಬೆಳಗ್ಗೆಯೇ ತಿಳಿಸಿದರೆ ಬೇರೆ ಪಾತ್ರೆಯಲ್ಲಿ ಮಾಡುತ್ತಾರೆ. ಹರೀರಾ ಸೂಪಿನಲ್ಲಿ ಕಡಲೆ, ಬೇಳೆ, ಟೊಮೆಟೊ ಇದ್ದರೂ ಮಾಂಸದ ಚೂರು ಸಾಮಾನ್ಯ, ಕೇಳದೆ ಕುಡಿಯಬೇಡಿ. ನಿಶ್ಚಿಂತೆಗೆ ಹತ್ತಿರವಾದವು: ಬಿಸಾರಾ, ಒಣಗಿದ ಫಾವಾ ಬೇಳೆಯ ಗಟ್ಟಿ ಸಾರು, ಮೇಲೆ ಆಲಿವ್ ಎಣ್ಣೆ, ಜೀರಿಗೆ; ಝಾಲೂಕ್, ನಮ್ಮ ಸುಟ್ಟ ಬದನೆ ಗೊಜ್ಜಿನ ಬಳಗದ್ದು; ತಕ್ತೂಕಾ, ದಪ್ಪ ಮೆಣಸಿನಕಾಯಿ ಟೊಮೆಟೊ ಪಲ್ಯ. ಬೆಳಗಿನ ಬಗ್ರೀರ್ ನೋಡಿದರೆ ಸೆಟ್ ದೋಸೆ ನೆನಪಾಗುತ್ತದೆ: ರವೆಯ ಹುದುಗಿದ ಹಿಟ್ಟು, ಒಂದೇ ಮಗ್ಗುಲು ಬೇಯಿಸುತ್ತಾರೆ, ಮೇಲೆಲ್ಲ ತೂತು. ಬೆಣ್ಣೆ ಜೇನು ಆ ತೂತುಗಳಿಗೆ ಇಳಿಯುತ್ತದೆ. ಪದರ ಪದರದ ಮ್ಸೆಮ್ಮನ್ ಪರೋಟದಂತೆ. ಅನ್ನ ಬೇಕೇಬೇಕು ಅನ್ನುವ ತಾಯಿಯವರಿಗೆ ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ.

ದಿರ್ಹಾಮ್ ಮೊರಾಕ್ಕೊದ ಹೊರಗೆ ಸುಲಭವಾಗಿ ಸಿಗದ ಹಣ, ಅಲ್ಲಿಗೆ ಹೋಗಿಯೇ ಎಟಿಎಂನಲ್ಲಿ ತೆಗೆಯಿರಿ. ಸುಮಾರು ಲೆಕ್ಕಕ್ಕೆ ಒಂದಕ್ಕೆ 8–10 ರೂಪಾಯಿ ಹಿಡಿಯಬಹುದು. ಎಟಿಎಂ 200ರ ನೋಟು ಕೊಡುತ್ತದೆ, ಪೇಟೆಯಲ್ಲಿ ಅದಕ್ಕೆ ಚಿಲ್ಲರೆ ಸಿಗುವುದಿಲ್ಲ, ರಿಯಾದ್‌ನಲ್ಲಿ ಮುರಿಸಿಕೊಳ್ಳಿ. ವೀಸಾ ಹೊರಡುವ ಮುನ್ನವೇ ಆಗಿರಬೇಕು, ಆನ್‌ಲೈನ್ ಅರ್ಜಿಗೆ ಸರ್ಕಾರಿ ತಾಣವನ್ನಷ್ಟೇ ಬಳಸಿ. ನಮ್ಮ ಮೂರು ಗೂಟದ ಪ್ಲಗ್ ಅಲ್ಲಿ ಹೋಗುವುದಿಲ್ಲ, ತೆಳು ಎರಡು ಗೂಟದ ಚಾರ್ಜರ್ ಸಾಮಾನ್ಯವಾಗಿ ಹಿಡಿಯುತ್ತದೆ. ಮಗಳ ಬಳಿ ಡ್ರೋನ್ ಇದ್ದರೆ ಮನೆಯಲ್ಲೇ ಬಿಡಿ, ಕಸ್ಟಮ್ಸ್‌ನಲ್ಲಿ ಕಿತ್ತುಕೊಳ್ಳುತ್ತಾರೆ. ಅಕ್ಟೋಬರ್ ಹಗಲು ಹಿತ, ರಾತ್ರಿ ತಣ್ಣಗೆ. ಒಬ್ಬೊಬ್ಬರಿಗೊಂದು ಸ್ವೆಟರ್ ಸಾಕು.

ಭಾನುವಾರ ಹೊರಡುವ ಮುನ್ನ ಸಮಯ ಉಳಿದರೆ ಟ್ಯಾಕ್ಸಿಯಲ್ಲಿ ಐನ್ ನೊಕ್ಬಿಯ ಕುಂಬಾರರ ಕಡೆ ಹೋಗಿ. ಫೆಸ್ ನೀಲಿಯ ಪಾತ್ರೆಗಳು, ಝೆಲ್ಲೀಜ್ ಕಡಿಯುವವರು ಅಲ್ಲಿದ್ದಾರೆ, ಏರಿಳಿತವೂ ಕಡಿಮೆ. ಶನಿವಾರ ರಾತ್ರಿಯೇ ಕೈಗಾಡಿಯವರಿಗೆ ಹೊತ್ತು ಹೇಳಿ, ಅವರಿಗೆ ಕೊಡಲು ಹತ್ತರ ನಾಣ್ಯಗಳನ್ನು ಬೇರೆ ತೆಗೆದಿಡಿ. ಎರಡು ಟ್ಯಾಕ್ಸಿ ಬೇಕು ಎಂಬುದನ್ನು ರಿಯಾದ್‌ನವರಿಗೆ ಮತ್ತೊಮ್ಮೆ ನೆನಪಿಸಿ. ರೈಲಿನ ಹೊತ್ತಿಗೆ ಒಂದೇ ಟ್ಯಾಕ್ಸಿ ಬಂದು ನಿಂತರೆ ಎರಡನೆಯದಕ್ಕೆ ಓಡಾಡುವುದು ಕಷ್ಟ.